ಎಂಗೇಜ್‌ಮೆಂಟ್ ಮೀಮಾಂಸೆ: ನಾರಾಯಣಪುರದ ಖಾನಾವಳಿಯೊಂದರ ನೆಲೆಯಿಂದ

ಪ್ರಸ್ತುತ ಸಂಪ್ರಬಂಧವು ನಾರಾಯಣಪುರದ ಬಸ್ ನಿಲ್ದಾಣದ ಹತ್ತಿರ ನನ್ನ ಚಿಗವ್ವ ನಡೆಸುವ 4 ಬೆಂಚಿನ ಖಾನಾವಳಿಯನ್ನು ಕೇಂದ್ರದಲ್ಲಿಟ್ಟುಕೊಂಡು, ಅಂಗಡಿ ಮತ್ತು ಗಿರಾಕಿಯ ನಡುವಣ ಡಿಜಿಟಲ್ ಸಂಲಗ್ನತೆಯ ಬಹುಸ್ತರೀಯ ಸಂಕಥನವನ್ನು ಅಂತರ್‌ಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನ. ಈ ವಾಕ್ಯ ತಿಳಿಯದಿದ್ದರೆ ಓದುಗರು ಗಾಬರಿಯಾಗಬೇಕಿಲ್ಲ, ಬರೆದವನಿಗೂ ತಿಳಿದಿಲ್ಲ. ಸಣ್ಣ ವ್ಯಾಪಾರಿಗಳಿಗೆಂದು ಏರ್ಪಡಿಸಿದ್ದ ಒಂದು ದಿನದ ತರಬೇತಿಯಲ್ಲಿ ಇಂಥವನ್ನು ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಕೇಳಿಸಿಕೊಂಡಿದ್ದೇನೆ. ಆ ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳದೆ ನಿದ್ದೆ ಬರುವಂತಿಲ್ಲ.

ಮೊದಲು ಪರಿಭಾಷೆ. ತರಬೇತುದಾರರು ಮೈಕು ಹಿಡಿದು, ‘ನೀವು ಕಸ್ಟಮರ್ ಜೊತೆ ಪ್ರತಿದಿನ ಎಂಗೇಜ್‌ಮೆಂಟ್ ಮಾಡಬೇಕು’ ಅಂದರು. ನಮ್ಮ ಕಡೆ ಎಂಗೇಜ್‌ಮೆಂಟ್ ಅಂದರೆ ಹೆಣ್ಣಿಗೆ ಸೀರೆ ಉಡಿಸಿ, ಉಂಗುರ ತೊಡಿಸಿ, ಹತ್ತು ಮಂದಿ ಉಂಡು ಹೋಗುವ ಕಾರ್ಯ. ಮುಂದಿನ ಸಾಲಿನಲ್ಲಿದ್ದ ಬಳೆ ಅಂಗಡಿಯ ಹಿರಿಯರು ಎದ್ದು ನಿಂತು, ‘ಸಾಹೇಬ್ರ, ನಂದು ಒಮ್ಮಿ ಆಗೇತ್ರಿ, ಮೊಮ್ಮಕ್ಕಳೂ ಅದಾವ’ ಅಂದರು. ತರಬೇತುದಾರರು ‘ವೆರಿ ಗುಡ್ ಫೀಡ್‌ಬ್ಯಾಕ್’ ಎಂದು ಅದನ್ನು ಬೋರ್ಡಿನ ಮೇಲೆ ಬರೆದುಕೊಂಡರು. ‘ಆರ್ಗ್ಯಾನಿಕ್ ರೀಚ್’ ಬಂದಾಗ ಹುಣಸಗಿ ಕಡೆಯ ಮೆಣಸಿನಕಾಯಿ ರೈತರೊಬ್ಬರು, ಸಾವಯವಕ್ಕೆ ಸರ್ಟಿಫಿಕೇಟ್ ಯಾರು ಕೊಡ್ತಾರೆಂದು ಕೇಳಿದರು. ಆಮೇಲೆ ಗಿರಾಕಿಯನ್ನು ಒಂದು ಲಾಳಿಕೆಯೊಳಗೆ ಮೇಲಿನಿಂದ ಸುರಿದು ಕೆಳಗಿನಿಂದ ಹಿಡಿಯುವ ಚಿತ್ರ ತೋರಿಸಿದರು. ನಮ್ಮ ಮನೆಯಲ್ಲಿದ್ದ ಒಂದೇ ಲಾಳಿಕೆ ಸೀಮೆಎಣ್ಣೆಯದು. ಪ್ರತಿ ಪೋಸ್ಟಿನ ಕೊನೆಗೂ ‘ಕಾಲ್ ಟು ಆಕ್ಷನ್’, ಅಂದರೆ ‘ಬನ್ನಿ, ಕೊಳ್ಳಿ’ ಎಂಬಂಥ ಕರೆ, ಇರಲೇಬೇಕು ಎಂದು ಮೂರು ಸಲ ಹೇಳಿದರು. ಮೂರು ಸಲವೂ ನನಗೆ ಹಸಿವಾಗಿತ್ತು. ಊಟದ ಗಾಡಿ ಇನ್ನೂ ಬಂದಿರಲಿಲ್ಲ.

ಇನ್ನು ವರ್ಗೀಕರಣ. ಗಿರಾಕಿಗಳಲ್ಲಿ 5 ಪ್ರಭೇದಗಳಿವೆ.

ಮೊದಲನೆಯದು ಪ್ರವಾಹಜನ್ಯ ಗಿರಾಕಿ. ಆಲಮಟ್ಟಿಯಿಂದ ನೀರು ಬಿಟ್ಟು ನಮ್ಮೂರ ಅಣೆಕಟ್ಟು ಬಸವಸಾಗರದ ಕ್ರೆಸ್ಟ್ ಗೇಟ್ ಎತ್ತಿದಾಗ ಮಾತ್ರ ಕಾಣಿಸಿಕೊಳ್ಳುವ ಋತುಮಾನದ ಜೀವಿ. ಕೃಷ್ಣೆಯ ದಂಡೆಯ ಛಾಯಾ ಭಗವತಿ ಗುಡಿಯ ಮೆಟ್ಟಿಲು ಮುಳುಗಿದಷ್ಟೂ ಇವರ ಉತ್ಸಾಹ ಏರುತ್ತದೆ. ನದಿಗೆ ಬೆನ್ನು ಮಾಡಿ ಮೊಬೈಲಿಗೆ ಮುಖ ಮಾಡಿ ನಿಲ್ಲುತ್ತಾರೆ. ಒಂದು ಪ್ಲೇಟ್ ಮಿರ್ಚಿ ಭಜಿ ನಾಲ್ವರಿಗೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ ಜುಲೈಯಲ್ಲಿ ರೀಲ್ಸ್ ಬಂದಾಗ ಈ ಪ್ರಭೇದ ಒಂದು ವಾರವೂ ಬಡವಾಗಲಿಲ್ಲ.

ಎರಡನೆಯದು ಉದ್ರಿ ಗಿರಾಕಿ. ತರಬೇತಿಯ ಎಲ್ಲ ಅಳತೆಗೋಲುಗಳ ಪ್ರಕಾರ ಇವನೇ ಆದರ್ಶ. ದಿನಾ ಬರುತ್ತಾನೆ, ದಿನಾ ಕಾಮೆಂಟ್ ಮಾಡುತ್ತಾನೆ (‘ಪುಂಡಿಪಲ್ಯಕ್ಕ ಖಾರ ಕಡಿಮಿ ಆಗೇದ’), ಬಿಟ್ಟು ಹೋಗೆಂದರೂ ಹೋಗುವುದಿಲ್ಲ. ಇವನ ಸಂಪೂರ್ಣ ದತ್ತಾಂಶ ಚಿಗವ್ವನ ತಲೆಯ ಮೇಲಿನ ಮೊಳೆಗೆ ಸುತಳಿಯಲ್ಲಿ ತೂಗುವ 100 ಪುಟದ ನೋಟ್‌ಬುಕ್ಕಿನಲ್ಲಿ ಸುರಕ್ಷಿತವಾಗಿದೆ. ಅದಕ್ಕೆ ಪಾಸ್‌ವರ್ಡ್ ಇಲ್ಲ. ಅವಳ ಕೈಬರಹವೇ ಸಾಕು.

ಮೂರನೆಯದು ಮೌನ ಗಿರಾಕಿ. ತಿಂಥಣಿಯ ಸಂತ ಮೌನೇಶ್ವರನ ಸೀಮೆಯಲ್ಲಿ ಇದಕ್ಕೆ ಪರಂಪರೆಯೇ ಇದೆ. ಉಣ್ಣುತ್ತಾನೆ, ತಾಟಿನಲ್ಲೇ ಕೈ ತೊಳೆಯುತ್ತಾನೆ, ದುಡ್ಡಿಟ್ಟು ಹೋಗುತ್ತಾನೆ. ಲೈಕಿಲ್ಲ, ಸ್ಟಾರಿಲ್ಲ. ಖಾನಾವಳಿ ನಡೆಯುವುದು ಇವನಿಂದ.

ನಾಲ್ಕನೆಯದನ್ನು ಹುಡುಕುತ್ತ ಕೂತಾಗ ಚಿಗವ್ವ ಉಳ್ಳಾಗಡ್ಡಿ ಹೆಚ್ಚಲು ಕರೆದಳು. ಹೋದೆ. ಬಂದು ನೋಡಿದರೆ ಉಮೇದು ಇರಲಿಲ್ಲ. 5ಕ್ಕೆ ಕಡಿಮೆಯಾದರೆ ವಿದ್ವತ್ತು ಅನ್ನಿಸುವುದಿಲ್ಲವೆಂದು ಐದು ಅಂದಿದ್ದೆ, ಅಷ್ಟೇ.

ಈಗ ಅಲ್ಗಾರಿದಂ. ಈ ಪದ 9ನೇ ಶತಮಾನದ ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರಿನಿಂದ ಹುಟ್ಟಿದ್ದು. ಪಾಪ, ಆತ ಬೀಜಗಣಿತ ಬರೆದುಕೊಂಡಿದ್ದ. ಅಲ್ಗಾರಿದಂ ಅಳೆದು ಕೊಡುವ ‘ರೀಚ್’ ಅಂದರೇನೆಂದು ನಮಗೆ ಸ್ಲೈಡ್ ಹಾಕಿ ತಿಳಿಸುವ ಅಗತ್ಯವಿರಲಿಲ್ಲ. 1982ರಲ್ಲಿ ಅಣೆಕಟ್ಟು ಮುಗಿದಾಗಿನಿಂದ ಈ ಸೀಮೆ ಅದನ್ನೇ ಓದುತ್ತಿದೆ. ಎಡದಂಡೆ ಕಾಲುವೆ ನಮ್ಮೂರಿಂದಲೇ ಹೊರಡುತ್ತದೆ. ಗೇಟಿನ ಹತ್ತಿರದವರು ಭತ್ತ ನಾಟಿ ಮಾಡುತ್ತಾರೆ. ಶಹಾಪುರ ದಾಟಿ ಜೇವರ್ಗಿ ಕಡೆಯ ಕೊನೆಯ ಹೊಲದವನು ಒಣ ಕಾಲುವೆಯಲ್ಲಿ ನಿಂತು ಮೇಲೆ ನೋಡುತ್ತಾನೆ. ಫೇಸ್‌ಬುಕ್ಕೂ ಹೀಗೇ. ಪೇಜ್ ತೆರೆಯಿರಿ, ಪುಕ್ಕಟೆ ಎಂದು ಮೊದಲು ಎಲ್ಲ ಅಂಗಡಿಯವರನ್ನೂ ಕರೆಯಿತು. 2018ರ ಜನವರಿಯಲ್ಲಿ ನೆಂಟರು-ಗೆಳೆಯರ ಪೋಸ್ಟೇ ಮುಂದೆ, ವ್ಯಾಪಾರದ್ದು ಹಿಂದೆ ಎಂದು ಗೇಟ್ ಇಳಿಸಿತು. ಈಗ ನಿನ್ನದೇ ಗಿರಾಕಿಗೆ ನಿನ್ನದೇ ರೊಟ್ಟಿಯ ಫೋಟೋ ತೋರಿಸಬೇಕೆಂದರೆ ದುಡ್ಡು ಕಟ್ಟಿ ‘ಬೂಸ್ಟ್’ ಮಾಡಬೇಕು.

ಕಾಲುವೆಗಾದರೆ ಸರದಿಯ ಮೇಲೆ ನೀರು ಬಿಡುವ ವಾರಬಂದಿ ಅಂತೊಂದಿದೆ, ನೀರಾವರಿ ಸಲಹಾ ಸಮಿತಿಯ ಸಭೆ ಅಂತೊಂದಿದೆ. ನೀರು ಬರದಿದ್ದರೆ ರಸ್ತೆಗೆ ಕಲ್ಲಿಟ್ಟು ಕೂರಬಹುದು, ಇಂಜಿನಿಯರ್ ಜೀಪು ತಡೆಯಬಹುದು. ಫೇಸ್‌ಬುಕ್ಕಿನ ಗೇಟ್ ಎತ್ತಿಳಿಸುವ ಲಸ್ಕರ್ ಯಾರು? ಯಾವ ಆಫೀಸಿನ ಮುಂದೆ ಧರಣಿ ಕೂರೋಣ? ತರಬೇತುದಾರರೇ, ಕೆಲಸ ಕೊಡಿ ಅಂದರೆ ‘ಬ್ರ್ಯಾಂಡ್ ಕಟ್ಟಿ’ ಅನ್ನುತ್ತೀರಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಬಸ್ಸಿಗೆ ಗಂಟುಮೂಟೆ, ಕೂಸು-ಕುನ್ನಿ ಸಮೇತ ಹತ್ತುವವರಿಗೆ ಯಾವ ಲಾಳಿಕೆ ಹಚ್ಚಿದ್ದೀರಿ? ಊರೇ ಬರಿದಾದಲ್ಲಿ ಗಿರಾಕಿಯನ್ನು ‘ಉಳಿಸಿಕೊಳ್ಳುವ’ ಕಲೆ ಹೇಳಿಕೊಡಲು ನಾಚಿಕೆಯಾಗಲಿಲ್ಲವೇ?

ಕ್ಷಮಿಸಿ. ಸಂಶೋಧಕ ವಸ್ತುನಿಷ್ಠನಾಗಿರಬೇಕು. ಪ್ರಯೋಗಕ್ಕೆ ಬರೋಣ.

ತರಬೇತಿಯಲ್ಲಿ ಕೊಟ್ಟ ಪುಸ್ತಿಕೆಯಲ್ಲಿ ಹೇಳಿದ್ದಂತೆ ಚಿಗವ್ವ ರೊಟ್ಟಿ ಬಡಿಯುವುದನ್ನು ವಿಡಿಯೋ ಮಾಡಿದೆ. ಎಸರಿಟ್ಟು ನಾದಿದ ಜೋಳದ ಹಿಟ್ಟಿನ ಮುದ್ದೆ, ಅಂಗೈಯ ಕೆಳಗೆ ಸುತ್ತುತ್ತ ಸುತ್ತುತ್ತ ಅಗಲವಾಗುವುದು, ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿದಾಗ ಏಳುವ ಹಬೆ. ಅದರ ಮೇಲೆ ಆಗ ಓಡುತ್ತಿದ್ದ ಒಂದು ಸಿನಿಮಾ ಹಾಡು ಕೂಡಿಸಿದೆ. ಸಂಜೆಗೆ 41 ಲೈಕು. ಚಿಗವ್ವನಿಗೆ ಸಂತೋಷವಾಗಿ, ‘ಯಾರ್‍ಯಾರು ನೋಡು’ ಅಂದಳು. ಒಂದೊಂದೇ ಹೆಸರು ಓದಿದೆ. ಎಲ್ಲರೂ ನಮ್ಮೂರವರೇ, ಅಕ್ಕಪಕ್ಕದ ದೊಡ್ಡಿ-ತಾಂಡಾದವರೇ. ಒಬ್ಬ ವೈಟ್‌ಫೀಲ್ಡಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಒಬ್ಬ ಪುಣೆಯಲ್ಲಿ, ಇಬ್ಬರು ಗೋವಾದಲ್ಲಿ. ಇಲ್ಲಿ ಬಂದು ಉಣ್ಣುವವನು ಒಬ್ಬನೂ ಇರಲಿಲ್ಲ. ನಾಲ್ಕನೆಯ ಪ್ರಭೇದ ಸಿಕ್ಕಿತ್ತು. ಅದಕ್ಕೆ ಸಂಸ್ಕೃತದಲ್ಲಿ ಹೆಸರಿಡಲು ನನ್ನಿಂದ ಆಗಲಿಲ್ಲ.

ಅವರಲ್ಲೊಬ್ಬ, ನಮ್ಮ ಪಕ್ಕದ ಮನೆಯ ಹುಡುಗ, ಬರೆದಿದ್ದ: ‘ಅಣ್ಣ, ಹಾಡು ತಗಿ. ರೊಟ್ಟಿ ಬಡಿಯೋ ಸಪ್ಪಳ ಕೇಳಬೇಕು.’

ಹಾಡು ತೆಗೆದು ಮತ್ತೆ ಹಾಕಿದೆ. ಅವನು ಏನೂ ಬರೆಯಲಿಲ್ಲ. ಆ ರಾತ್ರಿ ಎಷ್ಟು ಸಲ ಕೇಳಿದನೋ.

‘ಅವಂಗ ಏನರ ಬರಿ’ ಅಂದಳು ಚಿಗವ್ವ.

‘ಏನಂತ ಬರೀಲಿ?’

‘ಉಗಾದಿಗಿ ಬಾ, ಹಂಚು ಕಾಸಿಟ್ಟಿರ್ತೀನಿ ಅಂತ ಬರಿ.’

ಬರೆದು ಕಳಿಸಿದೆ. ಮೊಬೈಲು ಆ ಕೂಡಲೇ ಕೆಳಗೆ ನೀಲಿ ಬಟನ್ ತೋರಿಸಿತು. ಈ ಪೋಸ್ಟ್ ಬೂಸ್ಟ್ ಮಾಡಿ, ಹೆಚ್ಚು ಜನರನ್ನು ತಲುಪಿ.