ಕನ್ನಡಕ ತೆಗೆಯದ ನಾನಾ

ಅಕ್ಕಾ, ದಾಸವಾಳ ಆಮೇಲೆ ಕೀಳೋರಂತೆ, ಒಂದ್ನಿಮಿಷ ನಿಲ್ಲಿ. ಕನ್ನಡಕ ಹಾಕ್ಕೊಂಡು ಸ್ಟೇಜ್ ಹತ್ತಲ್ಲ ಅಂತ ನಿಮ್ಮ ಮೊಮ್ಮಗಳು ರಾತ್ರಿ ಅಳ್ತಿದ್ದದ್ದು ನಮ್ಮನೆಗೂ ಕೇಳಿಸ್ತು. ಪಾಪ ಅನ್ನಿಸ್ತು. ಅವಳಿಗೆ ನಾನಾ ಮುಸ್ಕೂರಿ ವಿಷಯ ಹೇಳ್ಬೇಕು ಅಂತ ಬೆಳಗಿಂದ ಕಾಯ್ತಿದ್ದೀನಿ.

ಗ್ರೀಸ್ ದೇಶದ ಹಾಡುಗಾರ್ತಿ. 1934ರಲ್ಲಿ ಕ್ರೀಟ್ ದ್ವೀಪದಲ್ಲಿ ಹುಟ್ಟಿದ್ದು. ಅಪ್ಪ ಸಿನಿಮಾ ಥಿಯೇಟರಲ್ಲಿ ಪ್ರೊಜೆಕ್ಟರ್ ಓಡಿಸೋರು, ಅಮ್ಮ ಅಲ್ಲೇ ಬಂದೋರಿಗೆ ಸೀಟು ತೋರಿಸೋರು. ಮಗುವಿಗೆ ಮೂರು ವರ್ಷ ಆದಾಗ ಅಥೆನ್ಸಿಗೆ ಬಂದ್ರು. ಅಲ್ಲಿ ಬಯಲು ಸಿನಿಮಾದ ಪರದೆ ಹಿಂದೇನೇ ಇವರ ಬಿಡಾರ. ಹಾಗಾಗಿ ಹಾಡು ಮನೆಗೇ ಹರಿದು ಬರ್ತಿತ್ತು.

ನಾನಾ, ಅವರ ಅಕ್ಕ ಇಬ್ಬರೂ ಹಾಡೋರು. ಪಾಠಕ್ಕೆ ದುಡ್ಡು ಹೊಂದೋದು ಒಬ್ಬಳಿಗೆ ಮಾತ್ರ. ಯಾರನ್ನ ಕಳಿಸೋಣ ಅಂತ ಮೇಷ್ಟ್ರನ್ನ ಕೇಳಿದ್ರೆ, ಕಂಠ ದೊಡ್ಡವಳದ್ದೇ ಚೆನ್ನ, ಆದ್ರೆ ಹಾಡದೆ ಬದುಕೋಕಾಗದವಳು ಚಿಕ್ಕವಳು ಅಂದ್ರಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ ಅಕ್ಕ. ಅದರ ಮೇಲೆ ನಾನಾಗೆ ಸ್ವರತಂತುಗಳು ಎರಡೂ ಒಂದೇ ಸಮ ಇರಲಿಲ್ಲ.

ಕಷ್ಟಪಟ್ಟು ಶಾಸ್ತ್ರೀಯ ಸಂಗೀತ ಕಲಿತ್ರು. ರಾತ್ರಿ ಕ್ಲಬ್ಬಲ್ಲಿ ಜಾಝ್ ಹಾಡ್ತಾರೆ ಅಂತ ಗೊತ್ತಾಗಿ, ಸಂಗೀತ ಶಾಲೆಯೋರು 1957ರಲ್ಲಿ ಪರೀಕ್ಷೆಗೇ ಕೂರಿಸಲಿಲ್ಲ. ಅವರ ಕೈ ಹಿಡಿದು ನಡೆಸಿದ್ದು ಸಂಗೀತ ನಿರ್ದೇಶಕ ಮಾನೋಸ್ ಹಾಜಿದಾಕಿಸ್. 1959ರಲ್ಲಿ ಅವರ ಹಾಡು ಹಾಡಿ ಗ್ರೀಸಿನ ಗೀತ ಸ್ಪರ್ಧೆಯಲ್ಲಿ ಮೊದಲ ಬಹುಮಾನ. 1961ರಲ್ಲಿ ಅಥೆನ್ಸಿನ ಬಿಳಿ ಗುಲಾಬಿ ಬಗ್ಗೆ ಜರ್ಮನ್ ಭಾಷೆಯಲ್ಲಿ ಹಾಡಿದ ಹಾಡಿನ ರೆಕಾರ್ಡು ಹತ್ತು ಲಕ್ಷ ದಾಟಿ ಖರ್ಚಾಯ್ತು!

ಎಲ್ಲಾ ಕಡೆ ಗೆದ್ದರು ಅಂತಲ್ಲ. 1963ರ ಯೂರೋಪಿನ ಗೀತ ಸ್ಪರ್ಧೆ ಯೂರೋವಿಷನ್‌ನಲ್ಲಿ ಲಕ್ಸೆಂಬರ್ಗ್ ಪರವಾಗಿ ಹಾಡಿ ಎಂಟನೇ ಸ್ಥಾನಕ್ಕೆ ನಿಂತ್ರು.

ಕನ್ನಡಕದ ವಿಷಯಕ್ಕೆ ಬರ್ತೀನಿ. ಅಮೆರಿಕದ ದೊಡ್ಡ ಗಾಯಕ ಹ್ಯಾರಿ ಬೆಲಫಾಂಟೆ ತನ್ನ ತಂಡಕ್ಕೆ ಕರ್ಕೊಂಡು, ಸ್ಟೇಜ್ ಮೇಲೆ ಕನ್ನಡಕ ಬೇಡ ಅಂದ್ರು. ದಪ್ಪ ಕಪ್ಪು ಫ್ರೇಮು ನೋಡಿ. ಇವರು ತೆಗೆದೂ ನೋಡಿದ್ರು, ಮನಸ್ಸು ಒಗ್ಗಲಿಲ್ಲ. ನಾನು ಬಿಟ್ಟೇ ಹೋಗ್ತೀನಿ ಅನ್ನೋ ಹಂತಕ್ಕೆ ಬಂದ್ರು. ಕೊನೆಗೆ ಬೆಲಫಾಂಟೆಯೇ ಒಪ್ಕೊಂಡ್ರು. ಆಮೇಲೆ ಜನ ಆ ಕನ್ನಡಕ ನೋಡೇ ಅವರನ್ನ ಗುರುತಿಸೋ ಹಾಗಾಯ್ತು. ನಡುವೆ ಬೈತಲೆ ತೆಗೆದ ಉದ್ದ ಕಪ್ಪು ಕೂದಲು, ಆ ಫ್ರೇಮು, ಮೈಕ್ ಮುಂದೆ ಅಲುಗಾಡದ ನಿಲುವು, ಅಷ್ಟೇ. ಗ್ರೀಕ್, ಫ್ರೆಂಚ್, ಜರ್ಮನ್, ಇಂಗ್ಲಿಷ್, ಸ್ಪ್ಯಾನಿಷ್, ಎಲ್ಲದರಲ್ಲೂ ಹಾಡಿದ್ದಾರೆ.

ಇಪ್ಪತ್ತು ವರ್ಷಕ್ಕೂ ಮೇಲೆ ತಾಯ್ನಾಡಲ್ಲಿ ಕಛೇರಿ ಕೊಡದೇ ಇದ್ದೋರು, 1984ರಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದ ಬುಡದ ಹಳೇ ಕಲ್ಲಿನ ರಂಗಮಂದಿರದಲ್ಲಿ ಹಾಡಿದ್ರು. 2008ರಲ್ಲಿ ಅಲ್ಲೇ ವಿದಾಯದ ಕಛೇರಿಯನ್ನೂ ಕೊಟ್ರು. ಆದರೂ ಕಂಠ ಸುಮ್ಮನಿರಲಿಲ್ಲ. 2024ರ ಏಪ್ರಿಲಲ್ಲಿ ಒಲಿಂಪಿಕ್ ಜ್ಯೋತಿಯನ್ನ ಪ್ಯಾರಿಸ್ಸಿನೋರಿಗೆ ಒಪ್ಪಿಸೋ ದಿನ ಅಥೆನ್ಸಿನ ಅಮೃತಶಿಲೆ ಕ್ರೀಡಾಂಗಣದಲ್ಲಿ ಫ್ರಾನ್ಸಿನ ರಾಷ್ಟ್ರಗೀತೆ ಹಾಡಿದೋರು ಇವರೇ. ಎಂಬತ್ತೊಂಬತ್ತು ವರ್ಷ ಅಕ್ಕ! ಆಗಲೂ ಮುಖದ ಮೇಲೆ ಕನ್ನಡಕ.

ಸಂಜೆ ಮಗೂನ ಕಳಿಸಿ. ಬಿಳಿ ಗುಲಾಬಿ ಹಾಡನ್ನ ಅವಳಿಗೆ ಕೇಳಿಸ್ತೀನಿ. ಬರುವಾಗ ಕನ್ನಡಕ ಹಾಕ್ಕೊಂಡು ಬರಲಿ.