ಗೆರೆ ಹಿಡಿದು ಹೋದವರು

ನನ್ನ ಬಾಮೈದನಿಗೆ ಜೀಪು ಬಂದದ್ದು ಈಚೆಗೆ. ಜಿಪಿಎಸ್ ಹುಚ್ಚು ಹಿಡಿದದ್ದು ಅದಕ್ಕೂ ಮೊದಲು. ಅವನ ಫೋನಿನಲ್ಲಿ ನೆಂಟರ ಫೋಟೋಗಳಿಗೆ ಜಾಗವಿಲ್ಲ. ಸಕಲೇಶಪುರ ಸೀಮೆಯ ಗುಡ್ಡಗಳೆಲ್ಲ ಆಫ್‌ಲೈನ್ ನಕ್ಷೆಗಳಾಗಿ ಬಂದು ಕೂತಿವೆ. "ನೆಟ್‌ವರ್ಕ್ ಯಾಕೆ ಭಾವ? 20,000 ಕಿಲೋಮೀಟರ್ ಮೇಲಿರೋ ಉಪಗ್ರಹ ನಾಲ್ಕು ಸಿಕ್ಕರೆ ಸಾಕು" ಅನ್ನುತ್ತಾನೆ. ನಿಜವೇ. ಆದರೆ ಅಲ್ಲಿನ ಮರಗಳ ಕೆಳಗೆ ನಿಂತವರಿಗೆ ಆಕಾಶವೇ ಸರಿಯಾಗಿ ಸಿಗುವುದಿಲ್ಲ.

ಟೆಂಟಿನ ಜಾಗವನ್ನು ಅವನು ಆರಿಸುವುದು ಬೆಂಗಳೂರಿನ ಸೋಫಾದ ಮೇಲೆ, ಜಾತಕ ಬಿಡಿಸಿಕೊಂಡ ಜೋಯಿಸರ ಗಾಂಭೀರ್ಯದಲ್ಲಿ. ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ದೂರದೂರವಿದ್ದರೆ ಮಟ್ಟಸ. "ಇಲ್ಲಿ ಒಂದೂ ಗೆರೆಯಿಲ್ಲ, ಮೈದಾನ!" ಆದರೆ ನಕ್ಷೆಯಲ್ಲಿ 20 ಮೀಟರಿಗೊಂದು ಗೆರೆ. ನಡುವೆ ಹದಿನೈದು ಮೀಟರಿನ ಕೊರಕಲು ಇದ್ದರೂ ನಕ್ಷೆಗೆ ಅದು ಲೆಕ್ಕವಿಲ್ಲ. ಹೋಗಿ ನೋಡಿದರೆ ಇತ್ತು.

ದಾರಿಗಂತೂ ಯಾರೋ ಪುಣ್ಯಾತ್ಮರು ಹೋಗಿಬಂದ ಜಾಡಿನ ಜಿಪಿಎಕ್ಸ್ ಫೈಲೇ ಗತಿ. ಈ ಸಲ ಹೋದದ್ದು ಪರಿಚಯದವರ ಕಾಫಿ ಎಸ್ಟೇಟಿಗೆ, ಅಪ್ಪಣೆಯೂ ಇತ್ತು. ಮಣ್ಣುದಾರಿ ನೆಟ್ಟಗೆ ಕಣ್ಣೆದುರೇ ಇದೆ, ಫೋನಿನ ಕೆಂಪು ಗೆರೆ ಮಾತ್ರ ಎಡಕ್ಕೆ, ಲಂಟಾನದ ಮೆಳೆಯೊಳಗೆ ನುಗ್ಗಿದೆ. ನಾನು ಬೇಡವೆನ್ನುವಷ್ಟರಲ್ಲಿ ಜೀಪೂ ನುಗ್ಗಿತು. ಹೊಸ ಬಣ್ಣದ ಮೇಲೆ ಮುಳ್ಳು ಕರ್ರೆಂದು ಗೀರಿತು. ಸದ್ದಿಗೆ ಎಸ್ಟೇಟಿನ ರೈಟರು ಓಡಿಬಂದರು.

"ಅಲ್ಲೆಲ್ಲಿಗೆ ಸಾರ್?"

"ಇಲ್ಲಿ ದಾರಿ ಇದೆಯಲ್ಲ" ಎಂದು ಬಾಮೈದ ಫೋನು ತೋರಿಸಿದ.

ರೈಟರು ಗೆರೆಯನ್ನೂ ಮೆಳೆಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. "ಹೋದ ಸಲ ಬಂದಿದ್ದ ಸಾಹೇಬ್ರು ಇಲ್ಲೇ ಒಳಗೆ ಹೋಗಿದ್ರು ಸಾರ್. ನೀರಿನ ಬಾಟ್ಲಿ ಹಿಡ್ಕಂಡು."

ಉಪಗ್ರಹಗಳಿಗೆ ಯಾವುದು ಪ್ರಯಾಣ, ಯಾವುದು ಅವಸರ ಎಂಬ ಭೇದವಿಲ್ಲ. ಅಂದು ರಾತ್ರಿ ಬಾಮೈದ ರೆಕಾರ್ಡಿಂಗ್ ನಿಲ್ಲಿಸದೆ ಮಲಗಿಬಿಟ್ಟ. ಸಂಕೇತಗಳು ಗುಡ್ಡಕ್ಕೆ, ಮರಕ್ಕೆ ತಾಗಿ ಬಳಸಿಕೊಂಡು ಬಂದಾಗೆಲ್ಲ ದಿಂಬಿನ ಪಕ್ಕದ ಫೋನಿಗೆ ತಾನು ನಾಲ್ಕು ಮೀಟರ್ ಆಚೆ ಹೋದೆ, ಈಚೆ ಬಂದೆ ಎಂಬ ಭ್ರಮೆ. ಬೆಳಗ್ಗೆ ನೋಡಿದರೆ ಗೊರಕೆ ಹೊಡೆದವನ ಲೆಕ್ಕಕ್ಕೆ ಎರಡು ಕಿಲೋಮೀಟರ್ ಜಮೆಯಾಗಿತ್ತು. ಟೆಂಟಿನ ಸುತ್ತ ಗೀಚೋ ಗೀಚು.

ಅದನ್ನು ಅಳಿಸೋ ಎಂದೆ. ಅವನು "ಕಠಿಣ ದಾರಿ" ಎಂದು ಹೆಸರಿಟ್ಟು ಗೆಳೆಯರಿಗೆ ಹಂಚಿದ. ಇಬ್ಬರು ಆಗಲೇ ಇಳಿಸಿಕೊಂಡಿದ್ದಾರಂತೆ.