ಭಾಷಣಗರ್ಭಾನ್ವೇಷಣಂ: ಪೂರ್ವಪಕ್ಷ ಮತ್ತು ಪೀಣ್ಯಪಕ್ಷ

ಸಾರ್ವಜನಿಕ ಭಾಷಣದ ಒಳಗೆ ಭಾಷಣಕಾರನದೇ ಆದ ಒಂದು ಮಾತು ಇರುತ್ತದೆಯೇ, ಇದ್ದರೆ ಎಷ್ಟನೇ ನಿಮಿಷದಲ್ಲಿ ಇರುತ್ತದೆ ಎಂಬುದನ್ನು ನಮ್ಮ ಶಾಸ್ತ್ರಕಾರರು ಇತ್ಯರ್ಥಪಡಿಸದೆ ಹೋದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವ್ಯದೋಷಗಳನ್ನು ಪಟ್ಟಿಮಾಡಿತು, ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಎಲ್ಲೆಯನ್ನೂ ಗುರುತಿಸಿತು. ಆದರೆ ಆ ಎಲ್ಲೆಯೊಳಗೇ ಬೀಳುವ ವೈಟ್‌ಫೀಲ್ಡಿನ ಆಡಿಟೋರಿಯಂಗಳ ವಿಷಯದಲ್ಲಿ ಶ್ರೀವಿಜಯ ತುಟಿ ಬಿಚ್ಚಿಲ್ಲ. ಆ ಕೊರತೆ ತುಂಬಲೆಂದೇ ಈ ಪ್ರಬಂಧ. ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಎರಡು ಪರ್ವಗಳು: ಪೀಣ್ಯದ ಆಯುಧಪೂಜೆ, ಟೆಕ್‌ಪಾರ್ಕುಗಳ ರಾಜ್ಯೋತ್ಸವ. ಎರಡನೆಯದು ನವೆಂಬರ್ 1ಕ್ಕೆ ಆರಂಭವಾಗಿ, ಕೆಫೆಟೇರಿಯಾ ಖಾಲಿ ಸಿಗುವ ಶುಕ್ರವಾರಗಳನ್ನು ಅನುಸರಿಸಿ, ತಿಂಗಳ ಕೊನೆಯವರೆಗೂ ಎಳೆಯುತ್ತದೆ.

ಮೊದಲು ಪೂರ್ವಪಕ್ಷ. ವೈಟ್‌ಫೀಲ್ಡ್ ಪೀಠದ ಆಚಾರ್ಯರು, ಅಂದರೆ ಒಂದು ದಿನದ ಕಾರ್ಯಾಗಾರ ನಡೆಸಿ ಸರ್ಟಿಫಿಕೇಟ್ ಕೊಡುವ ಕೋಚ್‌ಗಳು, ಹೇಳುವುದು ಇಷ್ಟು: ತಿರುಳು ನಿಮ್ಮೊಳಗೇ ಇದೆ, ಅಗೆದು ತೆಗೆಯಿರಿ. ಅಗೆಯಲು ಕೊಡುವ ಸಲಕರಣೆ ಹಳದಿ ಬಣ್ಣದ ಸ್ಟಿಕಿ ನೋಟು. ನಿಮ್ಮ ಬದುಕನ್ನು ಒಂದೇ ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಊಟದ ನಂತರ ಹೋಗಿ ನೋಡಿದರೆ, ಅಷ್ಟೂ ಜನರ ಒಳಗಿಂದ ‘ಸೋಲೇ ಗೆಲುವಿನ ಮೆಟ್ಟಿಲು’ ಎಂಬುದೇ ಎದ್ದು ಬಂದಿರುತ್ತದೆ. ಆಚಾರ್ಯರು ಇದನ್ನು ತಂಡದ ಒಗ್ಗಟ್ಟು ಎಂದು ವ್ಯಾಖ್ಯಾನಿಸುತ್ತಾರೆ. ಸಂಜೆ ಎಸಿ ಗಾಳಿಗೆ ಉದುರಿದ ಚೀಟಿಗಳನ್ನು ಹೌಸ್‌ಕೀಪಿಂಗ್‌ನಾಕೆ ಗುಡಿಸುವಾಗ ಎಲ್ಲರ ತಿರುಳೂ ಒಂದೇ ಬುಟ್ಟಿಗೆ ಬೀಳುತ್ತದೆ.

ರಾಜ್ಯೋತ್ಸವ ಭಾಷಣದ ಪಠ್ಯ ಇದಕ್ಕಿಂತ ಗಹನ. ಅದರ ಮೂಲಪ್ರತಿ ಅನುಪಲಬ್ಧ. ದೊರೆತಿರುವುದೆಲ್ಲ ವಾಟ್ಸಾಪ್ ಪ್ರತಿಗಳು. ಆದರೂ ಗ್ರಂಥಸಂಪಾದನೆಯ ಕ್ರಮದಿಂದ ಕಾಲನಿರ್ಣಯ ಸಾಧ್ಯ. ‘ಏಳು ಜ್ಞಾನಪೀಠ’ ಎಂದಿರುವ ಪ್ರತಿ, ಕಂಬಾರರಿಗೆ ಪ್ರಶಸ್ತಿ ಪ್ರಕಟವಾದ 2011ಕ್ಕಿಂತ ಹಳೆಯದು. ‘ಶಾಸ್ತ್ರೀಯ ಸ್ಥಾನಮಾನ ಕೊಡಲೇಬೇಕು’ ಎಂದು ಗುಡುಗುವ ಪ್ರತಿ 2008ರ ಅಕ್ಟೋಬರ್ 31ಕ್ಕಿಂತ ಹಿಂದಿನದು. ಆ ದಿನ ಕೇಂದ್ರ ಸರ್ಕಾರ ಕೊಟ್ಟೂ ಆಯಿತು. ಗುಡುಗು ಮಾತ್ರ ಇನ್ನೂ ನಿಂತಿಲ್ಲ. ಬಾನು ಮುಷ್ತಾಕರ ಅಂತರರಾಷ್ಟ್ರೀಯ ಬೂಕರ್ ಕಾಣಿಸಿದರೆ ಅದು 2025ರ ಮೇ ತಿಂಗಳ ಈಚಿನದು. ಒಂದೇ ಭಾಷಣದಲ್ಲಿ ಏಳು ಜ್ಞಾನಪೀಠವೂ ಬೂಕರೂ ಒಟ್ಟಿಗೆ ಬಂದರೆ ಇಬ್ಬರು ಲಿಪಿಕಾರರ ಕೈವಾಡವೆಂದೇ ತಿಳಿಯಬೇಕು: ಹಳೆಯ ಭಾಗ ಎಚ್‌ಆರ್ ವಿಭಾಗದ ಫೋಲ್ಡರಿನದು, ಹೊಸ ಭಾಗ ಬೆಳಿಗ್ಗೆ ಕ್ಯಾಬಿನಲ್ಲಿ ಕೂತು ಸೇರಿಸಿದ್ದು. ಹಲ್ಮಿಡಿ ಶಾಸನ ಎಲ್ಲ ಪ್ರತಿಗಳಲ್ಲೂ ಉಂಟು. ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಿಂದಿನದೆಂಬ ವಾದ ಇನ್ನೂ ಮಾರತಹಳ್ಳಿ ಸೇತುವೆ ದಾಟಿ ಆಚೆ ಹೋಗಿಲ್ಲ.

ಇಷ್ಟರಲ್ಲಿ ಭಾಷಣಕಾರನದು ಎಂಬುದು ಯಾವುದು? ಎಂಟು ಜ್ಞಾನಪೀಠ ಆ ಎಂಟು ಸಾಹಿತಿಗಳದು. ಶಾಸನ ಕದಂಬರ ಕಾಲದ್ದು. 1894ರ ನಿಘಂಟು ಕಿಟೆಲ್ ಅವರದು. ಕೆಂಪು ಹಳದಿಯ ಬಾವುಟ ಮ. ರಾಮಮೂರ್ತಿಯವರದು. ಕರ್ನಾಟಕವೆಂಬ ಹೆಸರು 1973ರಲ್ಲಿ ದೇವರಾಜ ಅರಸರ ಸರ್ಕಾರ ಇಟ್ಟದ್ದು. ಒಂದೊಂದನ್ನೂ ಅವರವರಿಗೆ ಒಪ್ಪಿಸಿದ ಮೇಲೆ ಭಾಷಣಕಾರನ ಸ್ವಂತ ಆಸ್ತಿಯಾಗಿ ಉಳಿಯುವುದು ‘ಹಲೋ, ಹಿಂದುಗಡೆ ಕೇಳಿಸ್ತಿದೆಯಾ?’ ಎಂಬ ಒಂದೇ ವಾಕ್ಯ. ಪ್ರಬಂಧಕಾರನ ಮಟ್ಟಿಗೆ ಇದು ಕಡಿಮೆಯೇನಲ್ಲ. ಆ ವಾಕ್ಯದಲ್ಲಿ ನಿಜವಾದ ಕಳವಳವಿದೆ.

ಅಪವಾದಗಳೂ ಉಂಟು. ಒಂದು ಕಂಪನಿಯ ಕೇಂದ್ರ ಮುಖ್ಯಸ್ಥರು, ಉತ್ತರದ ಕಡೆಯವರು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡದ ಚೀಟಿ ಹಿಡಿದು ಕದಂಬರವರೆಗೆ ಹೇಗೋ ಬಂದು ಮುಗ್ಗರಿಸಿದರು. ಚೀಟಿ ಮಡಚಿ ಜೇಬಿಗಿಟ್ಟು, ಕಾರಿನ ಡ್ರೈವರ್ ಬಾಯಿಂದ ಕಲಿತ ಕನ್ನಡದಲ್ಲಿ, ‘ಊಟ ರೆಡಿ ಇದೆ. ಹೋಳಿಗೆ ಬಿಸಿ ಇದೆ. ಯಾರೂ ಹಂಗೇ ಹೋಗ್ಬೇಡಿ’ ಎಂದುಬಿಟ್ಟರು. ಗೋಡೆಗೆ ಒರಗಿ ನಿಂತಿದ್ದ ರಾಯಚೂರಿನ ಸೆಕ್ಯುರಿಟಿಯವ ಪಕ್ಕದವನಿಗೆ, ‘ಇದೊಂದು ಛಲೋ ಹೇಳಿದ್ರು ನೋಡು’ ಎಂದ. ಇಡೀ ಸಭೆಯಲ್ಲಿ ದಾಖಲಾದ ವಿಮರ್ಶೆ ಇದೊಂದೇ.

ಎಲೆಕ್ಟ್ರಾನಿಕ್ ಸಿಟಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅಲ್ಲಿಯ ತಿರುಳು 1970ರ ದಶಕದಲ್ಲೇ ಖರ್ಚಾಗಿಹೋಯಿತು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರಿಗೆ ಹೇಳಬೇಕಾದ ಮಾತೊಂದಿತ್ತು. ಅದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಾಗಿ ನಿಂತಿತು. ಈಗಿನವರು ಅದೇ ಜಾಗದಲ್ಲಿ ನಿಂತು ‘ದೂರದೃಷ್ಟಿ’ ಎಂಬ ವಿಷಯದ ಮೇಲೆ ನಲವತ್ತು ಸ್ಲೈಡ್ ತೋರಿಸುತ್ತಾರೆ.

ಇನ್ನು ಸಿದ್ಧಾಂತ, ಅಂದರೆ ಪೀಣ್ಯಪಕ್ಷ. ಆಯುಧಪೂಜೆಯ ದಿನ ಎರಡನೇ ಹಂತದ ಯಾವ ಲೇತ್ ಶಾಪಿಗೆ ಹೋದರೂ ಆದೀತು. ಕೂಲೆಂಟ್ ಎಣ್ಣೆ ಒರೆಸಿ, ಕಬ್ಬಿಣದ ಚೂರೆಲ್ಲ ಗುಡಿಸಿ, ಮೆಷಿನ್ನಿಗೆ ಬಾಳೆಕಂದು ಕಟ್ಟಿರುತ್ತಾರೆ. ಸಿಎನ್‌ಸಿಯ ಪರದೆಗೆ ವಿಭೂತಿ, ವರ್ನಿಯರ್ ಕ್ಯಾಲಿಪರ್‌ನ ದವಡೆಗೆ ಕುಂಕುಮ. ಒರೆಸಲು ಮರೆತರೆ ಮಾರನೆಯ ದಿನದ ಮೊದಲ ಪೀಸು ಕ್ಯೂಸಿಯಲ್ಲಿ ರಿಜೆಕ್ಟು. ಸ್ಟೀಲ್ ಡ್ರಮ್ಮಿನ ಪಕ್ಕ ಮಾಲೀಕರು ನಿಂತಿದ್ದಾರೆ. ಕೇಳುವವರೆಲ್ಲ ಒಂದೇ ಒಂದು ಅಂಕಿಗಾಗಿ ಕಾದಿದ್ದಾರೆ. ಕಾನೂನಿನ ಪ್ರಕಾರ ಕನಿಷ್ಠ ಬೋನಸ್ ಶೇ. 8.33, ಗರಿಷ್ಠ ಶೇ. 20. ವೈಟ್‌ಫೀಲ್ಡಿನ ಭಾಷಣ 8ರ ಮೇಲೆ ನಿಂತರೆ ಪೀಣ್ಯದ್ದು 8.33ರ ಮೇಲೆ ನಿಲ್ಲುತ್ತದೆ ಎಂಬುದನ್ನು ವಿದ್ವಾಂಸರು ಗಮನಿಸಬೇಕು. ಈ 0.33 ಎಲ್ಲಿಂದ ಬಂತು? ಅದು ಕೇಳುವವನ ಪಾಲು. ಜ್ಞಾನಪೀಠ ಎಂಟೋ ಏಳೋ ಎಂದು ತಡವರಿಸಿದರೂ ಯಾರೂ ಎದ್ದು ನಿಲ್ಲುವುದಿಲ್ಲ, 8.33ರಲ್ಲಿ ದಶಾಂಶದ ಮುಂದಿನ ಒಂದು ಮೂರು ತಪ್ಪಿದರೂ ಫಿಟ್ಟರ್‌ನಿಂದ ಹಿಡಿದು ಹೆಲ್ಪರ್‌ವರೆಗೆ ಎಲ್ಲರೂ ತಿದ್ದುತ್ತಾರೆ.

ಕ್ಷೇತ್ರಕಾರ್ಯದಲ್ಲಿ ಕಂಡ ಒಬ್ಬ ಮಾಲೀಕರನ್ನು ಅವರ ಮಗ ಆ ವರ್ಷ ವೈಟ್‌ಫೀಲ್ಡಿನ ಕಾರ್ಯಾಗಾರಕ್ಕೆ ಕಳಿಸಿದ್ದ. ಹಾಗಾಗಿ ಅವರು ಮಾಮೂಲಿನ ಬದಲು, ಮಾಗಡಿಯಿಂದ ಟ್ರಂಕು ಹೊತ್ತು ಬಂದ ಕಥೆಯಿಂದ ಆರಂಭಿಸಿದರು. ಟ್ರಂಕಿನ ಬಣ್ಣ ಹೇಳಿದರು. ಆಚಾರ್ಯರು ಕಲಿಸಿದಂತೆ ಮಧ್ಯೆ ಮೂರು ಸೆಕೆಂಡು ಮೌನವನ್ನೂ ಬಿಟ್ಟರು. ಆ ಮೌನದೊಳಗೆ ಹಳೆಯ ಟರ್ನರ್ ಒಬ್ಬ, ‘ಅಣ್ಣ, ಟ್ರಂಕು ನಾವೂ ತಂದಿದ್ವಿ. ಪರ್ಸೆಂಟ್ ಎಷ್ಟು?’ ಎಂದ.

ಮಾಲೀಕರು ತಲೆ ಕೆರೆದುಕೊಂಡರು. ಸಣ್ಣ ಉದ್ದಿಮೆಯ ಬಾಕಿಯನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಕಾಯ್ದೆ ಹೇಳುತ್ತದಾದರೂ, ಅವರ ಪಾರ್ಟಿಗಳ ಪಂಚಾಂಗವೇ ಬೇರೆ. ‘ಪಾರ್ಟಿ ಪೇಮೆಂಟ್ ಬಂದಿಲ್ಲ ಕಣ್ರಪ್ಪ. ಇದ್ದ ಓಡಿ ಮೇಲೇ ಇನ್ನೊಂದಿಷ್ಟು ಎಳೆದಿದೀನಿ. ಹತ್ತು ಕೊಡ್ತೀನಿ. ಐದು ಇವತ್ತು, ಇನ್ನೈದು ದೀಪಾವಳಿಗೆ. ಈಗ ಕುಂಬಳಕಾಯಿ ಒಡೀರಿ.’

ಇದರಲ್ಲಿ ಪೀಠಿಕೆ ಇಲ್ಲ, ಕಥಾಹಂದರ ಇಲ್ಲ, ಸಭಿಕರ ಕಣ್ಣಲ್ಲಿ ಕಣ್ಣಿಟ್ಟು ನೋಡಲೂ ಇಲ್ಲ ಎಂದು ಪೂರ್ವಪಕ್ಷಿಗಳು ಆಕ್ಷೇಪ ಎತ್ತುತ್ತಾರೆ. ಆಕ್ಷೇಪ ಕ್ರಮಬದ್ಧವಾಗಿಯೇ ಇದೆ. ಆದರೆ ಅದನ್ನು ಎತ್ತಲು ಪೀಣ್ಯಕ್ಕೆ ಬಂದಿದ್ದವರ ಕೈಗೆ ಅಷ್ಟರಲ್ಲಿ ಕಡ್ಲೆಪುರಿ, ಸಿಹಿ ಬೂಂದಿಯ ಪೊಟ್ಟಣ ಬಂದಿತ್ತು; ದೀಪಾವಳಿಯ ಐದು ನಿಜಕ್ಕೂ ಬರುತ್ತದೆಯೇ ಎಂದು ಅವರೂ ಟರ್ನರ್ ಜತೆ ಚರ್ಚೆಗೆ ಇಳಿದಿದ್ದರು.